ವಿಯೆಟ್ನಾಂ ನಮ್ಮನ್ನು ಹಿಂದೆ ಹಾಕಿದೆ ಎನ್ನುವಾಗ ಯಾವ ಅಂಕಿಯನ್ನು ನೋಡಬೇಕು?

ಬಣಕಲ್ ಬೆಳೆಗಾರ:

ಮೂಡಿಗೆರೆಯಲ್ಲಿ ಈಚೆಗೆ ನಡೆದ ಬೆಳೆಗಾರರ ಸಭೆಯಲ್ಲಿ ಅತಿಥಿಗಳೊಬ್ಬರು, 2023ರಲ್ಲಿ ವಿಯೆಟ್ನಾಂನ ತಲಾ ಜಿಡಿಪಿ ಸುಮಾರು 4,300 ಡಾಲರ್ ಇತ್ತು, ಭಾರತದ್ದು 2,500 ಡಾಲರ್ ಆಸುಪಾಸಿನಲ್ಲಿತ್ತು, ಕಾಫಿಯಲ್ಲಷ್ಟೇ ಅಲ್ಲ, ಬದುಕಿನಲ್ಲೂ ಅವರು ನಮ್ಮನ್ನು ಹಿಂದೆ ಹಾಕಿದ್ದಾರೆ ಎಂದು ಹೇಳಿದರು. ಸಭೆಯಲ್ಲಿದ್ದವರೆಲ್ಲ ತಲೆಯಾಡಿಸಿದರು. ನನಗೆ ಮಾತ್ರ ಆ ಹೋಲಿಕೆ ಅಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯಲಿಲ್ಲ.

ನಾನು ತಿಳಿಯಬೇಕೆಂದಿರುವುದು ಇಷ್ಟು. ಅಲ್ಲಿನ ಡಾಕ್ ಲಾಕ್ ಪ್ರಾಂತ್ಯದಲ್ಲಿ ಕಾಫಿಯನ್ನೇ ನಂಬಿ ದುಡಿಯುವ ಒಂದು ಕುಟುಂಬ, ನಮ್ಮ ಕಡೆಯ ಲೈನ್ ಮನೆಯಲ್ಲಿರುವ, ಅಂದರೆ ತೋಟದ ಕೂಲಿಕಾರರ ಸಾಲುಮನೆಯಲ್ಲಿರುವ ಕುಟುಂಬಕ್ಕಿಂತ ಚೆನ್ನಾಗಿ ಉಣ್ಣುತ್ತದೆಯೇ? ಅದರ ಮಕ್ಕಳು ಹೆಚ್ಚು ಕಲಿಯುತ್ತಾರೆಯೇ? ಕಾಯಿಲೆ ಬಿದ್ದರೆ ಕೈಸಾಲ ಮಾಡದೆ ಗುಣವಾಗುತ್ತದೆಯೇ? ಇವನ್ನು ಹೇಳುವ ಅಂಕಿಗಳು ಯಾವುವು? ದೇಶಾಭಿಮಾನದಿಂದಾಗಲಿ, ನಮ್ಮನ್ನು ನಾವೇ ಹಳಿದುಕೊಳ್ಳುವ ಚಪಲದಿಂದಾಗಲಿ ಉತ್ತರ ಕೊಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಹಾಸನದ ಅರ್ಥಶಾಸ್ತ್ರ ಮೇಷ್ಟ್ರು:

ಗೌಡರೇ, ಅತಿಥಿಗಳು ಹೇಳಿದ ಅಂಕಿ ಸುಳ್ಳಲ್ಲ, ಆದರೆ ಅದು ಅರ್ಧ ಮಾತು. ಆ ಡಾಲರುಗಳು ಪೇಟೆಯ ವಿನಿಮಯ ದರದಲ್ಲಿ ಲೆಕ್ಕ ಹಾಕಿದವು. ಒಂದು ಡಾಲರಿಗೆ ಸಿಗುವ ರೂಪಾಯಿಯಲ್ಲಿ ಹಾಸನದ ಸಂತೆಯಲ್ಲಿ ಕೊಳ್ಳಬಹುದಾದ ಸೊಪ್ಪು, ಅಕ್ಕಿ, ಕ್ಷೌರ, ಬಸ್ ಪ್ರಯಾಣ ಇವೆಲ್ಲವೂ ಒಂದು ಡಾಲರ್ ಕೊಟ್ಟು ಅಮೆರಿಕದಲ್ಲಿ ಕೊಳ್ಳುವುದಕ್ಕಿಂತ ಬಹಳ ಹೆಚ್ಚು. ಈ ಬೆಲೆಯ ಅಂತರವನ್ನು ಸರಿದೂಗಿಸಿ ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ನೋಡಿದರೆ ವಿಯೆಟ್ನಾಂ ಸುಮಾರು 15,000, ಭಾರತ ಸುಮಾರು 10,000 ಆಗುತ್ತದೆ. ಅಂದರೆ ಪೇಟೆ ದರದಲ್ಲಿ ಅವರು ನಮ್ಮ 1.7 ಪಟ್ಟು ಇದ್ದರೆ, ಕೊಳ್ಳುವ ಶಕ್ತಿಯಲ್ಲಿ ಒಂದೂವರೆ ಪಟ್ಟು. ಅಂತರ ಕುಗ್ಗುತ್ತದೆ, ಅಳಿಯುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಹಿಂದಿನ ಕಥೆ. 1990ರಲ್ಲಿ ವಿಯೆಟ್ನಾಂನ ತಲಾ ಜಿಡಿಪಿ ನೂರು ಡಾಲರಿನ ಆಸುಪಾಸಿನಲ್ಲಿತ್ತು, ನಮ್ಮದು 370ರ ಹತ್ತಿರ. ಅಂದರೆ ಆಗ ನಾವು ಅವರ ಮೂರೂವರೆ ಪಟ್ಟು ಮೇಲಿದ್ದೆವು. ಅವರು 1986ರಲ್ಲಿ ‘ದೊಯ್ ಮೊಯ್’ ಎಂಬ ಆರ್ಥಿಕ ಸುಧಾರಣೆಯನ್ನು ಆರಂಭಿಸಿದರು, ನಾವು 1991ರಲ್ಲಿ ಆರಂಭಿಸಿದೆವು. ಅಮೆರಿಕದ ವ್ಯಾಪಾರ ನಿರ್ಬಂಧ ಅವರ ಮೇಲಿಂದ ತೆರವಾದದ್ದೇ 1994ರಲ್ಲಿ. ಅಂಥ ದೇಶ ಈ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ನಮ್ಮನ್ನು ದಾಟಿತು. ಐದು ವರ್ಷ ಮೊದಲು ಹೊರಟದ್ದರಿಂದಷ್ಟೇ ಇದು ಸಾಧ್ಯವಾಯಿತು ಎಂದು ನಾನು ಒಪ್ಪುವುದಿಲ್ಲ.

ಕೊಪ್ಪದವನು:

10 ಕೋಟಿ ಜನರ ದೇಶವನ್ನು 140 ಕೋಟಿ ಜನರ ದೇಶದೊಡನೆ ತೂಗುವುದೇ ತಪ್ಪು, ಹೋಲಿಸುವುದಾದರೆ ಕರ್ನಾಟಕದೊಡನೆ ಹೋಲಿಸಿ.

ಲೆಕ್ಕಪತ್ರ, ಚಿಕ್ಕಮಗಳೂರು:

ಕೊಪ್ಪದ ಸ್ನೇಹಿತರು ಹೇಳಿದಂತೆಯೇ ಮಾಡೋಣ. 2023-24ರಲ್ಲಿ ಕರ್ನಾಟಕದ ತಲಾ ಆದಾಯ ಸುಮಾರು 3.3 ಲಕ್ಷ ರೂಪಾಯಿ. ಡಾಲರಿಗೆ 83 ರೂಪಾಯಿಯಂತೆ ಹಿಡಿದರೆ ಸರಿಸುಮಾರು 4,000 ಡಾಲರ್. ಇದು ಸವಕಳಿ (ಯಂತ್ರ, ಕಟ್ಟಡಗಳ ತೇಯ್ಮಾನ) ಕಳೆದ ನಿವ್ವಳ ಲೆಕ್ಕ. ವಿಯೆಟ್ನಾಂನ 4,300 ಸವಕಳಿ ಕಳೆಯದ ಒಟ್ಟು ಲೆಕ್ಕ. ಒಂದೇ ಅಳತೆಗೋಲಿಗೆ ತಂದರೆ ಕರ್ನಾಟಕ ವಿಯೆಟ್ನಾಂಗೆ ಸರಿಸಮ, ಸ್ವಲ್ಪ ಮೇಲೆಯೇ ಎನ್ನಬಹುದು.

ಆದರೆ ಈ ಸರಾಸರಿಯೊಳಗೆ ಬೆಂಗಳೂರು ನಗರ ಜಿಲ್ಲೆಯೊಂದೇ ರಾಜ್ಯದ ಉತ್ಪನ್ನದ ಮೂರನೇ ಒಂದು ಭಾಗಕ್ಕೂ ಹೆಚ್ಚನ್ನು ಹೊತ್ತುಕೊಂಡು ಕುಳಿತಿದೆ. ಪಟ್ಟಿಯ ತುದಿಯಲ್ಲಿ ಬೆಂಗಳೂರು ನಗರ, ತಳದಲ್ಲಿ ಕಲಬುರಗಿ. ಹೀಗಿರುವಾಗ 4,000 ಡಾಲರ್ ಎಂಬುದು ಕಡೂರಿನ ರಾಗಿ ಬೆಳೆಗಾರನ ಆದಾಯವೂ ಅಲ್ಲ, ವೈಟ್‌ಫೀಲ್ಡಿನ ಎಂಜಿನಿಯರನ ಆದಾಯವೂ ಅಲ್ಲ.

ಕಡೂರು ಬಯಲು:

ಕಡೂರಿನ ಹೆಸರು ಯಾರಾದರೂ ಎತ್ತಿದರಲ್ಲ, ಸಂತೋಷ. ಜಿಲ್ಲೆ ಎಂದರೆ ಕಾಫಿ ತೋಟ ಎಂದು ಬರೆದುಬರೆದು ನಮ್ಮ ಬಯಲು ಸೀಮೆಯ ಕೆರೆ ಒಣಗಿದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಒಂದೇ ಜಿಲ್ಲೆಯೊಳಗೆ ಮಳೆಯೇ ಇಷ್ಟು ಏರುಪೇರಾಗಿರುವಾಗ, ದೇಶದೇಶಗಳ ಸರಾಸರಿಯನ್ನು ತೂಗಿ ನೋಡಿ ಏನು ತಿಳಿಯುತ್ತದೆ ಎಂಬುದು ನನ್ನ ಪ್ರಶ್ನೆ.

ಹಾಸನದ ಅರ್ಥಶಾಸ್ತ್ರ ಮೇಷ್ಟ್ರು:

ಕೆಲವು ಸರಾಸರಿಗಳಿಂದ ತಿಳಿಯುತ್ತದೆ ಸ್ವಾಮಿ. ಆದಾಯದ ಸರಾಸರಿಯನ್ನು ನೂರು ಜನ ಕೋಟ್ಯಧೀಶರು ಎತ್ತಿ ನಿಲ್ಲಿಸಬಹುದು, ಆಯುಷ್ಯದ ಸರಾಸರಿಯನ್ನು ಹಾಗೆ ಎತ್ತಲಾಗುವುದಿಲ್ಲ. ಕೋಟಿ ರೂಪಾಯಿ ಇದ್ದವನೂ ಮುನ್ನೂರು ವರ್ಷ ಬದುಕುವುದಿಲ್ಲ. ಆದ್ದರಿಂದಲೇ ಜನರ ಸ್ಥಿತಿ ತಿಳಿಯಲು ಆಯುಷ್ಯ, ಅಕ್ಷರ, ಮಕ್ಕಳ ಬೆಳವಣಿಗೆ ಇವು ಜಿಡಿಪಿಗಿಂತ ಹೆಚ್ಚು ನಂಬಿಕೆಗೆ ಅರ್ಹ.

ಆಲ್ದೂರು ತೋಟ:

ಬೆಳೆಗಾರರ ಸಭೆಯಿಂದ ಹುಟ್ಟಿದ ಪ್ರಶ್ನೆಯಾದ್ದರಿಂದ ಕಾಫಿಯ ಲೆಕ್ಕವನ್ನೂ ಇಡುತ್ತೇನೆ. ವಿಯೆಟ್ನಾಂನಲ್ಲಿ ಸುಮಾರು 7 ಲಕ್ಷ ಹೆಕ್ಟೇರಿನಲ್ಲಿ 16ರಿಂದ 18 ಲಕ್ಷ ಟನ್ ಕಾಫಿ ಆಗುತ್ತದೆ, ಬಹುಪಾಲು ರೋಬಸ್ಟಾ ಜಾತಿಯದು. ನಮ್ಮಲ್ಲಿ ಸುಮಾರು 4.8 ಲಕ್ಷ ಹೆಕ್ಟೇರಿನಲ್ಲಿ ಮೂರೂವರೆ ಲಕ್ಷ ಟನ್ನಿನ ಆಸುಪಾಸು, ಅದರಲ್ಲಿ ಕರ್ನಾಟಕದ್ದೇ ಶೇ. 70ರಷ್ಟು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅವರಿಗೆ ಎಕರೆಗೆ 50 ಕೆ.ಜಿ.ಯ 20 ಮೂಟೆ ಕ್ಲೀನ್ ಕಾಫಿ (ಸಿಪ್ಪೆ ತೆಗೆದ ಬೀಜ), ನಮಗೆ ಅರೇಬಿಕಾ ರೋಬಸ್ಟಾ ಎರಡೂ ಸೇರಿ ಸರಾಸರಿ ಆರು ಮೂಟೆ. ರೋಬಸ್ಟಾ ಒಂದನ್ನೇ ಹಿಡಿದರೂ ಒಂಬತ್ತು ಮೂಟೆ ದಾಟುವುದು ಕಷ್ಟ.

ಕಾಫಿ ಅವರ ನೆಲಕ್ಕೆ ಬಂದದ್ದು 1857ರಲ್ಲಿ, ಫ್ರೆಂಚರ ಮೂಲಕ. ನಮ್ಮ ಬಾಬಾಬುಡನ್ ಗಿರಿಗೆ ಅದಕ್ಕೂ ಎಷ್ಟೋ ಮೊದಲು, 17ನೇ ಶತಮಾನದಲ್ಲೇ ಬಂದಿತ್ತು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಷ್ಟು ಹಳೆಯದು. ಇಷ್ಟೆಲ್ಲ ಇದ್ದೂ ನಾವು ಎಲ್ಲಿ ನಿಂತಿದ್ದೇವೆ ಎಂಬುದನ್ನು ನೋಡಿದಾಗ ಸಂಕಟವಾಗುತ್ತದೆ.

ಸಕಲೇಶಪುರ ಘಾಟಿ:

ಆಲ್ದೂರಿನ ಅಣ್ಣ, ಮೂಟೆಯ ಲೆಕ್ಕ ಇಟ್ಟಿರಿ, ನೀರಿನ ಲೆಕ್ಕ ಇಡಲಿಲ್ಲ. ಅವರದು ಹೆಚ್ಚಾಗಿ ನೆರಳಿಲ್ಲದ ಬಿಸಿಲು ತೋಟ, ಗಿಡದ ಸುತ್ತ ಪಾತಿ ಮಾಡಿ ಬೇಸಿಗೆಯಲ್ಲಿ ಬಾವಿಯ ನೀರು ತುಂಬುತ್ತಾರೆ, ಗೊಬ್ಬರ ಸುರಿಯುತ್ತಾರೆ. ಡಾಕ್ ಲಾಕಿನ ಮುಖ್ಯ ಪಟ್ಟಣ ಬುವಾನ್ ಮಾ ಥುವಾಟ್ ಸುತ್ತಿನ ಎತ್ತರ ಪ್ರದೇಶದಲ್ಲಿ ಅಂತರ್ಜಲ ಕುಸಿದಿದೆ, 2016ರಲ್ಲಿ ಮತ್ತು 2024ರಲ್ಲಿ ಬರದಿಂದ ತೋಟಗಳು ಒಣಗಿದವು. 1975ರ ನಂತರ ಬಯಲಿನಿಂದ ಲಕ್ಷಾಂತರ ಜನರನ್ನು ಅಲ್ಲಿಗೆ ತಂದು ನೆಲೆಗೊಳಿಸಿದಾಗ, ಎಡೆ, ಜರಾಯ್ ಮೊದಲಾದ ಮೂಲನಿವಾಸಿಗಳ ನೆಲ ಕೈತಪ್ಪಿತು. ಇಂದಿಗೂ ಆ ದೇಶದ ಬಡವರಲ್ಲಿ ಈ ಅಲ್ಪಸಂಖ್ಯಾತ ಬುಡಕಟ್ಟುಗಳ ಪಾಲು ಅವರ ಜನಸಂಖ್ಯೆಗೆ ಹೋಲಿಸಿದರೆ ಬಹಳ ಹೆಚ್ಚು.

ನಮ್ಮ ತೋಟದಲ್ಲಿ ಹಲಸು, ನಂದಿ, ಹೊನ್ನೆ, ಸಿಲ್ವರ್ ಮರಗಳ ಕೆಳಗೆ ಕಾಫಿ, ಮರಕ್ಕೆ ಮೆಣಸಿನ ಬಳ್ಳಿ. ಆರು ಮೂಟೆ ಎನ್ನುವಾಗ ಮೆಣಸು, ಅಡಿಕೆ, ಮರ ಇವನ್ನು ಬಿಟ್ಟು ಎಣಿಸಿದ್ದೀರಿ. ಹೇಮಾವತಿಗೆ ನೀರು ಇಳಿಯುವುದು ಈ ನೆರಳಿನಿಂದಲೇ. ಆ ಬೆಲೆ ಯಾವ ಜಿಡಿಪಿಯಲ್ಲೂ ಇಲ್ಲ.

ಆಲ್ದೂರು ತೋಟ:

ನೆರಳನ್ನು ನಾನೂ ಕಡಿದಿಲ್ಲ, ಕಡಿಯುವವನೂ ಅಲ್ಲ. ಆದರೆ ಇಳುವರಿ ಕಡಿಮೆ ಇರುವುದಕ್ಕೆಲ್ಲ ನೆರಳನ್ನೇ ಮುಂದೆ ಮಾಡುವುದು ಸರಿಯಲ್ಲ. ಹಳೆಯ ಗಿಡ ಕಿತ್ತು ಹೊಸದು ಹಾಕದಿರುವುದು, ಹೂಮಳೆ ತಪ್ಪಿದಾಗ ಸ್ಪ್ರಿಂಕ್ಲರ್ ಹಾಕಲು ಕೆರೆಯಲ್ಲಿ ನೀರಿಲ್ಲದಿರುವುದು, ಕಾಯಿಕೊರಕದ ಹಾವಳಿ, ಕೊಯ್ಲಿಗೆ ಆಳು ಸಿಗದಿರುವುದು, ಇವಕ್ಕೂ ನೆರಳಿಗೂ ಸಂಬಂಧವಿಲ್ಲ. 1996ರಲ್ಲಿ ಬೆಳೆಯನ್ನು ಕಾಫಿ ಮಂಡಳಿಗೇ ಒಪ್ಪಿಸಬೇಕಿದ್ದ ಪೂಲ್ ವ್ಯವಸ್ಥೆ ಪೂರ್ತಿ ಕೊನೆಗೊಂಡು ಮುಕ್ತ ಮಾರಾಟ ಬಂದಾಗ ನಮಗೆ ಒಳ್ಳೆಯ ಬೆಲೆ ಸಿಕ್ಕಿತು. ಆ ಹಣದಲ್ಲಿ ಮರುನಾಟಿ ಮಾಡಿದವರು ಎಷ್ಟು ಜನ? 2000ದ ನಂತರ ವಿಯೆಟ್ನಾಂನ ಬೆಳೆ ಮಾರುಕಟ್ಟೆಗೆ ನುಗ್ಗಿ ಬೆಲೆ ನೆಲಕಚ್ಚಿದಾಗ ಎಷ್ಟು ತೋಟಗಳು ಬ್ಯಾಂಕಿನ ಪಾಲಾದವು ಎಂಬುದು ಈ ಭಾಗದವರಿಗೆಲ್ಲ ಗೊತ್ತಿದೆ.

ಬಾಳೂರು ಹೋಬಳಿ:

ಕಾಫಿ ಬಿಡಿ, ಮೆಣಸಿನ ಕಥೆ ಹೇಳಿ. ವಿಯೆಟ್ನಾಂ ಮೆಣಸು ಶ್ರೀಲಂಕಾದ ದಾರಿಯಲ್ಲಿ ಸುಂಕ ತಪ್ಪಿಸಿಕೊಂಡು ಬಂದು ನಮ್ಮ ಬೆಲೆ ಮುರಿದದ್ದನ್ನು ಯಾರೂ ಮರೆತಿಲ್ಲ. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕೆ.ಜಿ.ಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ಅದಾದ ಮೇಲೂ ಒಂದೆರಡು ವರ್ಷ ಇಲ್ಲಿ ಬೆಲೆ ಇಳಿಯಿತೇ ಹೊರತು ಏರಲಿಲ್ಲ.

ಬಣಕಲ್ ಬೆಳೆಗಾರ:

ಮೆಣಸಿನ ಸಿಟ್ಟು ನನಗೂ ಇದೆ, ಅದನ್ನು ಬೇರೆಯಾಗಿ ಮಾತನಾಡೋಣ. ಬೆಳೆಯ ಬೆಲೆಯಿಂದ ಜನರ ಬದುಕಿನ ಕಡೆಗೆ ದಯವಿಟ್ಟು ಬನ್ನಿ.

ತರೀಕೆರೆ ನರ್ಸ್:

ಬರುತ್ತೇನೆ ಸರ್. ನಾನು ಅಂಗನವಾಡಿಗಳಿಗೆ ಹೋಗಿ ಮಕ್ಕಳ ತೂಕ, ಎತ್ತರ ನೋಡುವ ಕೆಲಸ ಮಾಡುತ್ತೇನೆ. ಮಗುವನ್ನು ಎತ್ತರದ ಪಟ್ಟಿಗೆ ಬೆನ್ನು ತಾಗಿಸಿ ನಿಲ್ಲಿಸಿ, ಹಿಮ್ಮಡಿ ಮೇಲೇಳದಂತೆ ಹಿಡಿದು, ತಲೆಯ ಮೇಲೆ ಅಡ್ಡಪಟ್ಟಿ ಇಳಿಸಿ ಓದಿದಾಗ ನಾಲ್ಕು ವರ್ಷದ ಮಗು ಎರಡೂವರೆ ವರ್ಷದ ಗೆರೆಯಲ್ಲಿ ನಿಲ್ಲುವುದನ್ನು ಮತ್ತೆಮತ್ತೆ ನೋಡಿದ್ದೇನೆ. ತಾಯಂದಿರು ‘ನಮ್ಮ ವಂಶವೇ ಗಿಡ್ಡ’ ಎನ್ನುತ್ತಾರೆ. ವಂಶವಲ್ಲ, ಗರ್ಭದಲ್ಲಿದ್ದಾಗಿನಿಂದ ಎರಡು ವರ್ಷದವರೆಗೆ ಸಿಗದ ಆಹಾರ ಮತ್ತು ಮೇಲಿಂದ ಮೇಲೆ ಬರುವ ಬೇಧಿ.

ಇನ್ನು ಅಂಕಿ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಭಾರತದಲ್ಲಿ ಶೇ. 35.5, ಕರ್ನಾಟಕದಲ್ಲಿ ಶೇ. 35.4. ವಿಯೆಟ್ನಾಂನ 2020ರ ಸಮೀಕ್ಷೆಯಲ್ಲಿ ಇದು ಶೇ. 20ಕ್ಕಿಂತ ಸ್ವಲ್ಪ ಕಡಿಮೆ. ಲೆಕ್ಕಪತ್ರದವರು ಕರ್ನಾಟಕ ಮತ್ತು ವಿಯೆಟ್ನಾಂ ಆದಾಯದಲ್ಲಿ ಸರಿಸಮ ಎಂದು ತೋರಿಸಿದರು. ಆದಾಯ ಸರಿಸಮವಾಗಿದ್ದೂ ನಮ್ಮಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳು ಗಿಡ್ಡವಾಗಿ ಉಳಿಯುತ್ತಿದ್ದಾರೆ, ಅಲ್ಲಿ ಐದರಲ್ಲಿ ಒಂದು ಮಗು. ಬಣಕಲ್ ಸರ್ ಕೇಳಿದ ‘ಚೆನ್ನಾಗಿ ಉಣ್ಣುತ್ತಾರೆಯೇ’ ಎಂಬ ಪ್ರಶ್ನೆಗೆ ನನ್ನ ಪ್ರಕಾರ ಇದಕ್ಕಿಂತ ನೇರ ಉತ್ತರ ಇಲ್ಲ.

ಕೊಪ್ಪದವನು:

ಆ ಎತ್ತರದ ಮಾನದಂಡವೇ ವಿದೇಶಿಯರದ್ದಲ್ಲವೇ ಮೇಡಂ? ನಮ್ಮ ಮಕ್ಕಳ ಮೈಕಟ್ಟಿಗೆ ಅದು ಹೊಂದುವುದಿಲ್ಲ ಎಂಬ ವಾದವೂ ಇದೆ.

ತರೀಕೆರೆ ನರ್ಸ್:

ವಿಶ್ವ ಆರೋಗ್ಯ ಸಂಸ್ಥೆ ಆ ಮಾನದಂಡ ರೂಪಿಸುವಾಗ ಅಳೆದ ಆರು ದೇಶಗಳ ಮಕ್ಕಳಲ್ಲಿ ಭಾರತದ ಮಕ್ಕಳೂ ಇದ್ದರು, ದೆಹಲಿಯ ಅನುಕೂಲಸ್ಥ ಮನೆಗಳ ಮಕ್ಕಳು. ಸರಿಯಾಗಿ ಊಟ, ಆರೈಕೆ ಸಿಕ್ಕ ನಮ್ಮ ಮಕ್ಕಳು ಅಷ್ಟೇ ಎತ್ತರಕ್ಕೆ ಬೆಳೆದರು. ಅದೇ ಮಾನದಂಡದಲ್ಲಿ ಕೇರಳದ ಕುಂಠಿತ ಪ್ರಮಾಣ ಶೇ. 23ರ ಆಸುಪಾಸು. ವಿಯೆಟ್ನಾಂನವರೂ ಎತ್ತರಕ್ಕೆ ಹೆಸರಾದ ಜನವೇನಲ್ಲ.

ನಮ್ಮಲ್ಲಿ ಸುಧಾರಿಸಿದ್ದನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಹುಟ್ಟಿದ ಸಾವಿರ ಶಿಶುಗಳಲ್ಲಿ ವರ್ಷದೊಳಗೆ ಸಾಯುವವರು 2020ರಲ್ಲಿ ಭಾರತದಲ್ಲಿ 28, ಕರ್ನಾಟಕದಲ್ಲಿ 19, ಕೇರಳದಲ್ಲಿ 6. ವಿಯೆಟ್ನಾಂನದ್ದು 16–17. ಅಂದರೆ ಮಗುವನ್ನು ಉಳಿಸಿಕೊಳ್ಳುವುದರಲ್ಲಿ ಕರ್ನಾಟಕ ಅವರ ಹತ್ತಿರ ಬಂದಿದೆ, ಉಳಿದ ಮಗುವನ್ನು ಬೆಳೆಸುವುದರಲ್ಲಿ ಹಿಂದೆ ಇದೆ. ಇದು ಆಸ್ಪತ್ರೆಯ ಕೆಲಸಕ್ಕೂ ಅಡುಗೆಮನೆ, ಕುಡಿಯುವ ನೀರು, ತಾಯಿಯ ರಕ್ತಹೀನತೆಗೂ ಇರುವ ವ್ಯತ್ಯಾಸ.

ಲೆಕ್ಕಪತ್ರ, ಚಿಕ್ಕಮಗಳೂರು:

ಕಾಯಿಲೆ ಮತ್ತು ಸಾಲದ ಪ್ರಶ್ನೆಯಲ್ಲಿ ಮಾತ್ರ ಎರಡು ದೇಶಗಳೂ ಹೆಚ್ಚುಕಡಿಮೆ ಒಂದೇ ಕಡೆ ನಿಂತಿವೆ. ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಸ್ವಂತ ಜೇಬಿನಿಂದ ಕೊಡುವ ಪಾಲು ಭಾರತದಲ್ಲಿ 2013-14ರಲ್ಲಿ ಶೇ. 64 ಇತ್ತು, 2021-22ಕ್ಕೆ ಶೇ. 39.4ಕ್ಕೆ ಇಳಿದಿದೆ. ವಿಯೆಟ್ನಾಂನಲ್ಲಿ ಶೇ. 90ಕ್ಕೂ ಹೆಚ್ಚು ಜನರಿಗೆ ಸಾಮಾಜಿಕ ಆರೋಗ್ಯ ವಿಮೆ ಇದ್ದೂ ಜೇಬಿನ ಪಾಲು ಶೇ. 40ರ ಆಸುಪಾಸಿನಲ್ಲೇ ಇದೆ. ವಿಮೆಯ ಕಾರ್ಡ್ ಇದ್ದರೂ ಔಷಧಿ ಹೊರಗೆ ಕೊಳ್ಳಬೇಕಾಗುವ ಅನುಭವ ನಮಗೆ ಹೊಸದಲ್ಲ.

ಅರಸೀಕೆರೆ ಶಾಲೆ:

ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳುವವಳು. ಮೇಷ್ಟ್ರು ಐದು ವರ್ಷ ಮೊದಲು ಹೊರಟದ್ದಷ್ಟೇ ಕಾರಣವಲ್ಲ ಎಂದರಲ್ಲ, ನನಗೆ ಕಾಣುವ ಕಾರಣವನ್ನು ಹೇಳುತ್ತೇನೆ. ವಿಯೆಟ್ನಾಂನ 1989ರ ಜನಗಣತಿಯಲ್ಲಿ ಅಲ್ಲಿನ ಸಾಕ್ಷರತೆ ಶೇ. 88ರಷ್ಟಿತ್ತು. ನಮ್ಮ 1991ರ ಜನಗಣತಿಯಲ್ಲಿ ಶೇ. 52. ಆಯುಷ್ಯದಲ್ಲೂ ಆಗಲೇ ಅವರು ಸುಮಾರು ಹತ್ತು ವರ್ಷ ಮುಂದಿದ್ದರು. ಅಂದರೆ ತಲಾ ನೂರು ಡಾಲರ್ ಇದ್ದ ಕಾಲದಲ್ಲಿ, ಮೂರು ದಶಕ ಯುದ್ಧ ಮುಗಿಸಿ ಸುಸ್ತಾಗಿದ್ದ ದೇಶ, ನಮ್ಮ ಮೂರನೇ ಒಂದು ಭಾಗದ ಹಣದಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೆ ಓದು ಬರಹ ಕಲಿಸಿತ್ತು. ಕಾರ್ಖಾನೆಗಳು ಆಮೇಲೆ ಬಂದವು. ಓದಲು ಬರುವ, ಗಟ್ಟಿಮುಟ್ಟಾದ ಯುವಜನ ಅಲ್ಲಿ ಮೊದಲೇ ಸಿದ್ಧರಿದ್ದರು.

ಇದನ್ನು ಬಿಟ್ಟು ಬರೀ 1986, ವಿದೇಶಿ ಬಂಡವಾಳ, ರಫ್ತು ಎಂದು ಮಾತನಾಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ನಮ್ಮ ಚಿಕ್ಕಮಗಳೂರು ಜಿಲ್ಲೆ 2011ರಲ್ಲಿ ಶೇ. 79, ಹಾಸನ ಶೇ. 76 ಸಾಕ್ಷರತೆಗೆ ಬಂದವು. ಆ ದೇಶ ಎರಡು ದಶಕಕ್ಕೂ ಹಿಂದೆ ದಾಟಿದ್ದ ಗೆರೆಯನ್ನು ನಾವು ಆಗಲೂ ಮುಟ್ಟಿರಲಿಲ್ಲ.

ಕಲಿಕೆಯ ಗುಣಮಟ್ಟದಲ್ಲೂ ಹಾಗೆಯೇ. ಹದಿನೈದು ವರ್ಷದ ಮಕ್ಕಳಿಗೆ ನಡೆಸುವ ಪೀಸಾ ಪರೀಕ್ಷೆಯಲ್ಲಿ 2012ರಲ್ಲಿ ವಿಯೆಟ್ನಾಂ ಗಣಿತದಲ್ಲಿ 511 ಅಂಕ ಪಡೆಯಿತು, ಶ್ರೀಮಂತ ದೇಶಗಳ ಸರಾಸರಿ 494. ಭಾರತದಿಂದ ತಮಿಳುನಾಡು ಮತ್ತು ಹಿಮಾಚಲ ಪ್ರದೇಶ 2009ರ ಸುತ್ತಿನಲ್ಲಿ ಬರೆದು ಪಟ್ಟಿಯ ತಳದಲ್ಲಿ ನಿಂತವು. ಆಮೇಲೆ ನಾವು ಆ ಪರೀಕ್ಷೆಯ ಕಡೆಗೆ ಹೋಗಿಲ್ಲ.

ಬಾಳೂರು ಹೋಬಳಿ:

ಪೀಸಾದ ವಿಷಯದಲ್ಲಿ ಒಂದು ತಿದ್ದುಪಡಿ ಬೇಕು ಮೇಡಂ. 2012ರಲ್ಲಿ ಅಲ್ಲಿನ ಹದಿನೈದು ವರ್ಷದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಕ್ಕಳಷ್ಟೇ ಆ ಪರೀಕ್ಷೆಯ ವ್ಯಾಪ್ತಿಯಲ್ಲಿದ್ದರು, ಶಾಲೆ ಬಿಟ್ಟವರು ಎಣಿಕೆಗೇ ಬರಲಿಲ್ಲ. 2022ರಲ್ಲಿ ಗಣಿತದ ಅಂಕ 469ಕ್ಕೆ ಇಳಿದಿದೆ.

ಅರಸೀಕೆರೆ ಶಾಲೆ:

ತಿದ್ದುಪಡಿ ಸರಿಯಾಗಿದೆ. 469 ಕೂಡ ಅಷ್ಟೇ ಆದಾಯವಿರುವ ದೇಶಗಳ ನಡುವೆ ಬಹಳ ಎತ್ತರದ ಅಂಕ ಎಂಬುದನ್ನೂ ಸೇರಿಸಿಕೊಳ್ಳಿ. ನನ್ನ ಹತ್ತನೇ ತರಗತಿಯಲ್ಲಿ ಭಿನ್ನರಾಶಿಯ ಭಾಗಾಕಾರಕ್ಕೆ ಇನ್ನೂ ತಡಕಾಡುವ ಮಕ್ಕಳಿದ್ದಾರೆ, ಅವರ ಅಪ್ಪ ಅಮ್ಮ ಟ್ಯೂಷನ್ನಿಗೆ ಸಾಲ ಮಾಡುತ್ತಿದ್ದಾರೆ. ಆ ಖರ್ಚು ಜಿಡಿಪಿಗೆ ಕೂಡುತ್ತದೆ, ಕಲಿಕೆಗೆ ಕೂಡುವುದಿಲ್ಲ.

ಗೊರೂರಿನವಳು:

ಹೆಂಗಸರ ದುಡಿಮೆಯ ಬಗ್ಗೆ ಇಷ್ಟು ಹೊತ್ತಾದರೂ ಯಾರೂ ಮಾತನಾಡಲಿಲ್ಲ. ನಾನು ಹಾಸನದ ಹತ್ತಿರದ ಒಂದು ಗಾರ್ಮೆಂಟ್ಸಿನಲ್ಲಿ ಟೈಲರ್ ಆಗಿದ್ದೆ. ಪಿಎಫ್, ಇಎಸ್‌ಐ ಕಳೆದು ಕೈಗೆ ಬರುತ್ತಿದ್ದದ್ದು ಹನ್ನೊಂದು ಸಾವಿರದ ಚಿಲ್ಲರೆ. ಬೆಳಿಗ್ಗೆ ಏಳಕ್ಕೆ ಕಂಪನಿ ಬಸ್ಸು, ಮನೆಗೆ ಬರುವಾಗ ದೀಪ ಹಚ್ಚುವ ಹೊತ್ತು ದಾಟಿರುತ್ತಿತ್ತು. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಬೋರ್ಡಿನಲ್ಲಿ ಬರೆದಿರುತ್ತಿದ್ದರು, ಮುಟ್ಟದಿದ್ದರೆ ಸೂಪರ್‌ವೈಸರನ ಮಾತು ಎಲ್ಲರೆದುರೇ ಕೇಳಬೇಕಾಗುತ್ತಿತ್ತು. ಎರಡನೇ ಮಗುವಾದ ಮೇಲೆ ನೋಡಿಕೊಳ್ಳುವವರಿಲ್ಲದೆ ಬಿಟ್ಟೆ. ನನ್ನ ಜೊತೆ ಸೇರಿದವರಲ್ಲಿ ಹೆಚ್ಚಿನವರು ಇದೇ ಕಾರಣಕ್ಕೆ ಬಿಟ್ಟವರು.

ವಿಯೆಟ್ನಾಂನಲ್ಲಿ ಕೆಲಸದಲ್ಲಿರುವ ಅಥವಾ ಕೆಲಸ ಹುಡುಕುತ್ತಿರುವ ಹೆಂಗಸರ ಪ್ರಮಾಣ ಶೇ. 70ರ ಹತ್ತಿರ ಎಂದು ಓದಿದ್ದೇನೆ. ನಮ್ಮಲ್ಲಿ ಅದು 2017-18ರಲ್ಲಿ ಶೇ. 23 ಇತ್ತು, 2023-24ರಲ್ಲಿ ಶೇ. 41.7 ಎಂದು ಸರ್ಕಾರ ಹೇಳುತ್ತದೆ. ಅಲ್ಲಿನ ಹೆಂಗಸರಿಗೂ ಸುಖವಿದೆ ಎಂದು ನಾನು ಹೇಳುತ್ತಿಲ್ಲ. ಹೋ ಚಿ ಮಿನ್ ನಗರದ ಸುತ್ತ ಬಾಡಿಗೆ ಕೋಣೆಗಳಲ್ಲಿದ್ದು ಮಗುವನ್ನು ಊರಿನ ಅಜ್ಜಿಯ ಬಳಿ ಬಿಟ್ಟು ದುಡಿಯುವ ತಾಯಂದಿರು ಸಾವಿರಾರು. ಆದರೆ ಅವರ ಕೈಗೆ ತಿಂಗಳ ಸಂಬಳ ಬರುತ್ತದೆ, ಹದಿನೈದು ಇಪ್ಪತ್ತು ವರ್ಷ ಕೆಲಸದಲ್ಲಿ ಉಳಿಯುತ್ತಾರೆ. ಹೆರಿಗೆ ರಜೆ ಕಾಗದದ ಮೇಲೆ ಎರಡೂ ಕಡೆ ಆರು ತಿಂಗಳೇ. ನಮ್ಮಲ್ಲಿ ರಜೆ ಮುಗಿದ ಮೇಲೆ ವಾಪಸ್ ಬರಲು ದಾರಿ ಇಲ್ಲ, ಅದೇ ತೊಂದರೆ.

ಹಾಸನದ ಅರ್ಥಶಾಸ್ತ್ರ ಮೇಷ್ಟ್ರು:

ತಂಗಿ ಬರೆದದ್ದು ಈ ಚರ್ಚೆಯ ತಿರುಳು ಎಂದು ನನಗೆ ಅನ್ನಿಸುತ್ತದೆ. ಆ 41.7ರ ಬಗ್ಗೆ ಒಂದು ಎಚ್ಚರಿಕೆ ಮಾತ್ರ ಬೇಕು. ಮನೆಯ ಹೊಲದಲ್ಲಿ, ಮನೆಯ ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವ ಹೆಂಗಸರನ್ನೂ ಅದರಲ್ಲಿ ಎಣಿಸಿದ್ದಾರೆ, ಏರಿಕೆಯ ದೊಡ್ಡ ಪಾಲು ಹಳ್ಳಿಗಳ ಇಂಥ ಸ್ವಂತ ದುಡಿಮೆಯಿಂದ ಬಂದಿದೆ. ಅಲ್ಲಿನ 70ರಲ್ಲೂ ಇಂಥವರು ಇದ್ದಾರೆ, ಆದರೆ ಸಂಬಳದ ಕೆಲಸದ ಪಾಲು ನಮಗಿಂತ ಬಹಳ ಹೆಚ್ಚು. ಒಬ್ಬರ ಬದಲು ಇಬ್ಬರು ದುಡಿಯುವ ಮನೆಗಳು ಹೆಚ್ಚಿದ್ದರೆ ತಲಾ ಆದಾಯ ಏರುವುದಕ್ಕೆ ಬೇರೆ ಮಾಯೆ ಬೇಕಿಲ್ಲ.

ಸಕಲೇಶಪುರ ಘಾಟಿ:

ಎಲ್ಲ ಸರಿ, ಆದರೆ ಆ ದೇಶದ ಅಂಕಿಗಳನ್ನು ನಂಬುವುದು ಹೇಗೆ? ಒಂದೇ ಪಕ್ಷದ ಆಡಳಿತ, ಸ್ವತಂತ್ರ ಪತ್ರಿಕೆಯಿಲ್ಲ, ಸ್ವತಂತ್ರ ಕಾರ್ಮಿಕ ಸಂಘವಿಲ್ಲ. 2019ರಲ್ಲಿ ಅವರು ತಮ್ಮ ಜಿಡಿಪಿಯನ್ನು ಮರುಲೆಕ್ಕ ಹಾಕಿ, 2010ರಿಂದ 2017ರವರೆಗಿನ ವರ್ಷಗಳಿಗೆ ಸರಾಸರಿ ಶೇ. 25ರಷ್ಟು ಏರಿಸಿಕೊಂಡರು. ಅಂದರೆ 4,300ರ ಒಂದು ಪಾಲು ಲೆಕ್ಕದ ಪುಸ್ತಕದಲ್ಲೇ ಬೆಳೆದದ್ದು. ಬೆಳ್ಳಂಬೆಳಿಗ್ಗೆ ಆನೆ ತೋಟಕ್ಕೆ ನುಗ್ಗಿದರೆ ನಾವು ರಸ್ತೆ ತಡೆದು ಅರಣ್ಯಾಧಿಕಾರಿಯನ್ನು ಕೇಳುತ್ತೇವೆ. ಹಾಗೆ ಕೇಳುವ ಹಕ್ಕು ಅಲ್ಲಿ ಇಲ್ಲ, ಅದಕ್ಕೂ ಒಂದು ಬೆಲೆ ಕಟ್ಟಬೇಕಲ್ಲವೇ?

ಲೆಕ್ಕಪತ್ರ, ಚಿಕ್ಕಮಗಳೂರು:

ಹಕ್ಕಿನ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಆದರೆ ಮರುಲೆಕ್ಕದಲ್ಲಿ ಎಣಿಕೆಗೆ ಸಿಗದೆ ಉಳಿದಿದ್ದ ಹತ್ತಾರು ಸಾವಿರ ಉದ್ದಿಮೆಗಳನ್ನು ಸೇರಿಸಿದ್ದು ಎಂದು ಅವರು ವಿವರಿಸಿದ್ದಾರೆ, ಅಂಥ ಪರಿಷ್ಕರಣೆ ಹಲವು ದೇಶಗಳಲ್ಲಿ ನಡೆಯುತ್ತದೆ. ನಮ್ಮ ಕಡೆಯ ಸ್ಥಿತಿಯನ್ನೂ ನೋಡಿ. ಅವರು 2009ರಲ್ಲಿ, 2019ರಲ್ಲಿ ತಪ್ಪದೆ ಜನಗಣತಿ ಮಾಡಿದರು. ನಮ್ಮ 2021ರ ಜನಗಣತಿ ಮುಂದೆ ಹೋಗಿ 2027ಕ್ಕೆ ನಿಗದಿಯಾಯಿತು. ಪಡಿತರ ಚೀಟಿಗೆ ಅರ್ಹರು ಎಷ್ಟು ಎಂಬುದನ್ನು 2011ರ ತಲೆಲೆಕ್ಕದಲ್ಲೇ ನಿರ್ಧರಿಸಲಾಗುತ್ತಿತ್ತು. ನಾವು ಇಲ್ಲಿ ಬಳಸುತ್ತಿರುವ ಜಿಲ್ಲೆಯ ಸಾಕ್ಷರತೆಯೂ ಅಷ್ಟೇ ಹಳೆಯದು.

ಇನ್ನೊಂದು ವಿಷಯ. ಅವರ ಸರಕು ರಫ್ತು 2023ರಲ್ಲಿ ಸುಮಾರು 35,500 ಕೋಟಿ ಡಾಲರ್, ನಮ್ಮದು 2023-24ರಲ್ಲಿ ಸುಮಾರು 43,700 ಕೋಟಿ ಡಾಲರ್. ಹದಿನಾಲ್ಕು ಪಟ್ಟು ಜನರಿರುವ ದೇಶ ಅವರಿಗಿಂತ ಕಾಲು ಭಾಗವಷ್ಟೇ ಹೆಚ್ಚು ರಫ್ತು ಮಾಡುತ್ತಿದೆ. ಆದರೆ ವಿಯೆಟ್ನಾಂನ ರಫ್ತಿನ ಶೇ. 70ಕ್ಕೂ ಹೆಚ್ಚು ವಿದೇಶಿ ಬಂಡವಾಳದ ಕಂಪನಿಗಳದ್ದು. ಅಲ್ಲಿನ ಬಾಕ್ ನಿನ್ ಪ್ರಾಂತ್ಯದಲ್ಲಿ ಜೋಡಣೆಯಾಗುವ ಸ್ಯಾಮ್‌ಸಂಗ್ ಫೋನಿನ ಬಿಡಿಭಾಗ ಹೊರಗಿನಿಂದ ಬಂದದ್ದು, ಲಾಭ ಹೊರಗೆ ಹೋಗುವಂಥದ್ದು. ಜಿಡಿಪಿಯಲ್ಲಿ ಆ ಲಾಭವೂ ಅವರ ತಲೆಗೆ ಬೀಳುತ್ತದೆ, ಕೈಗೆ ಬೀಳುವುದು ಸಂಬಳ ಮಾತ್ರ.

ಕೊಪ್ಪದವನು:

ಹಾಗಾದರೆ ಕೈಗೆ ಬೀಳುವುದನ್ನೇ ಹೋಲಿಸಿ, ಇಷ್ಟು ಸುತ್ತು ಏಕೆ?

ಲೆಕ್ಕಪತ್ರ, ಚಿಕ್ಕಮಗಳೂರು:

ಹೋಲಿಸುತ್ತೇನೆ, ಆದರೆ ಕಣ್ಣು ತೆರೆದುಕೊಂಡು ಓದಿ. ವಿಯೆಟ್ನಾಂನ 2023ರ ಕುಟುಂಬ ಸಮೀಕ್ಷೆಯಲ್ಲಿ ತಲಾ ಮಾಸಿಕ ಆದಾಯ 49.6 ಲಕ್ಷ ಡಾಂಗ್ (ಅಲ್ಲಿನ ನಾಣ್ಯ), ಹಳ್ಳಿಗಳಲ್ಲಿ 41.7 ಲಕ್ಷ ಡಾಂಗ್. ಒಂದು ರೂಪಾಯಿಗೆ ಸುಮಾರು 290 ಡಾಂಗ್ ಹಿಡಿದರೆ ಹಳ್ಳಿಯ ಒಬ್ಬರಿಗೆ ತಿಂಗಳಿಗೆ 14,000 ರೂಪಾಯಿ ಚಿಲ್ಲರೆ. ಇಡೀ ದೇಶದ ಸರಾಸರಿಯನ್ನು ವರ್ಷಕ್ಕೆ ಲೆಕ್ಕ ಹಾಕಿದರೆ 2,500 ಡಾಲರ್. ಅಂದರೆ ಜಿಡಿಪಿಯ 4,300ರಲ್ಲಿ ಮನೆಗಳಿಗೆ ತಲುಪಿದ್ದು ಶೇ. 60ಕ್ಕಿಂತ ಕಡಿಮೆ. ಡಾಕ್ ಲಾಕ್ ಇರುವ ಎತ್ತರ ಪ್ರದೇಶ ಈ ಸರಾಸರಿಗಿಂತಲೂ ಕೆಳಗಿದೆ.

ನಮ್ಮಲ್ಲಿ ಆದಾಯದ ಬದಲು ಖರ್ಚಿನ ಸಮೀಕ್ಷೆ ಇದೆ. 2022-23ರಲ್ಲಿ ಕರ್ನಾಟಕದ ಹಳ್ಳಿಯ ತಲಾ ಮಾಸಿಕ ಖರ್ಚು 4,397 ರೂಪಾಯಿ, ಪಟ್ಟಣದ್ದು 7,666. ಇದನ್ನು ನೇರವಾಗಿ 14,000ದ ಎದುರು ಇಟ್ಟರೆ ಮೋಸದ ಹೋಲಿಕೆಯಾಗುತ್ತದೆ. ಒಂದು ಆದಾಯ, ಒಂದು ಖರ್ಚು. ಉಳಿತಾಯ, ಬೀಜ ಗೊಬ್ಬರದ ಹಣ, ಇಲ್ಲಿ ಅಗ್ಗವಾಗಿರುವ ಬೆಲೆಗಳು ಎಲ್ಲವನ್ನೂ ಸರಿದೂಗಿಸಬೇಕು. ಗೃಹಲಕ್ಷ್ಮಿಯ 2,000 ರೂಪಾಯಿ 2023ರ ಆಗಸ್ಟಿನ ನಂತರ ಬಂದದ್ದು, ಅದೂ ಈ ಅಂಕಿಯೊಳಗಿಲ್ಲ. ಇಷ್ಟೆಲ್ಲ ಕಳೆದು ಕೂಡಿದರೂ ಹಳ್ಳಿಯ ಮನೆಯ ಮಟ್ಟದಲ್ಲಿ ಅವರು ಮುಂದಿದ್ದಾರೆ ಎಂಬುದು ನನ್ನ ಅಭಿಪ್ರಾಯ. ರಾಜ್ಯದ ತಲಾ ಆದಾಯ ಸರಿಸಮವೆಂದು ಮೊದಲು ನಾನೇ ತೋರಿಸಿದೆ. ಆ ಹಣ ನಮ್ಮ ಹಳ್ಳಿಗಳಿಗೆ ಇಳಿದಿಲ್ಲ ಎಂಬುದನ್ನು ಈ 4,397 ತೋರಿಸುತ್ತದೆ.

ಆಲ್ದೂರು ತೋಟ:

ಭೂಮಿಯ ಮಾತು ಬರದೆ ಈ ಲೆಕ್ಕ ಪೂರ್ತಿಯಾಗದು. ಅಲ್ಲಿ ನೆಲದ ಒಡೆತನ ಸರ್ಕಾರದ್ದೇ, ಆದರೆ 1988ರ ನಂತರ ಸಹಕಾರಿ ಬೇಸಾಯವನ್ನು ಬಿಟ್ಟು ಕುಟುಂಬಗಳಿಗೆ ಹಂಚಿದರು. 1993ರ ಕಾನೂನಿನಲ್ಲಿ ಬಳಕೆಯ ಹಕ್ಕನ್ನು ಮಾರಲು, ಅಡವಿಡಲು, ಮಕ್ಕಳಿಗೆ ಬಿಡಲು ಅವಕಾಶ ಕೊಟ್ಟರು. ಆದ್ದರಿಂದ ಅಲ್ಲಿ ಕಾಫಿ ಕೊಯ್ಯುವವನು ಬಹುತೇಕ ತನ್ನದೇ ಎರಡು ಮೂರು ಎಕರೆಯಲ್ಲಿ ಕೊಯ್ಯುತ್ತಾನೆ. 2024ರಲ್ಲಿ ರೋಬಸ್ಟಾ ಬೆಲೆ ಹಿಂದೆಂದೂ ಕಾಣದಷ್ಟು ಏರಿದಾಗ ಆ ಹಣ ನೇರ ಅವನ ಮನೆಗೆ ಹೋಯಿತು.

ನಮ್ಮಲ್ಲಿ 1974ರ ಭೂಸುಧಾರಣೆ ಗದ್ದೆಯ ಗೇಣಿದಾರನಿಗೆ ನೆಲ ಕೊಟ್ಟಿತು, ಕಾಫಿ ತೋಟಗಳನ್ನು ಮಿತಿಯಿಂದ ಹೊರಗಿಟ್ಟಿತು. ಸಣ್ಣ ಬೆಳೆಗಾರರು ನಮ್ಮಲ್ಲೂ ಬಹುಸಂಖ್ಯೆಯಲ್ಲಿದ್ದಾರೆ, ನಾನೂ ಅವರಲ್ಲೊಬ್ಬ. ಆದರೆ ಲೈನ್ ಮನೆಯವರಿಗೆ ನೆಲವಿಲ್ಲ, ಎಷ್ಟೋ ಕಡೆ ಅವರಿರುವ ಮನೆಯೂ ಅವರದಲ್ಲ. ರೋಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮೂಟೆಗೆ ಹತ್ತು ಸಾವಿರದ ಹತ್ತಿರ ಹೋದ ವರ್ಷ ನನ್ನ ಚೆಕ್‌ರೋಲಿನಲ್ಲಿ (ಕೂಲಿ ಪಟ್ಟಿಯಲ್ಲಿ) ದಿನಗೂಲಿ ಏರಿದ್ದು ಐವತ್ತು ರೂಪಾಯಿ. ಅಕ್ಕಪಕ್ಕದ ತೋಟದಲ್ಲೂ ಅಷ್ಟೇ. ಇದನ್ನು ಬೆಳೆಗಾರರು ನಾವು ಸಭೆಗಳಲ್ಲಿ ಮಾತನಾಡುವುದೇ ಇಲ್ಲ.

ಸಕಲೇಶಪುರ ಘಾಟಿ:

ಬೆಲೆ ಬಿದ್ದ ವರ್ಷ ಕೂಲಿ ಇಳಿಸಲಿಲ್ಲ ಎಂಬುದನ್ನೂ ಬರೆಯಿರಿ ಅಣ್ಣ. ಗೊಬ್ಬರ, ಡೀಸೆಲ್, ಬಡ್ಡಿ ಎಲ್ಲ ಬೆಳೆಗಾರನ ತಲೆಯ ಮೇಲೇ ಇತ್ತು.

ಆಲ್ದೂರು ತೋಟ:

ಇಳಿಸಲಿಲ್ಲ, ನಿಜ. ಇಳಿಸಿದ್ದರೆ ಆಳೇ ಬರುತ್ತಿರಲಿಲ್ಲ. ಈಗಲೂ ಅಸ್ಸಾಂ ಕಡೆಯ ಹುಡುಗರು ಬಾರದಿದ್ದರೆ ನಮ್ಮ ಕೊಯ್ಲು ಮುಗಿಯುವುದಿಲ್ಲ. ಅಷ್ಟು ದೂರದಿಂದ ಬಂದವರ ಮಕ್ಕಳು ಯಾವ ಭಾಷೆಯ ಶಾಲೆಗೆ ಹೋಗಬೇಕು, ಯಾವ ಅಂಗನವಾಡಿಯ ಪಟ್ಟಿಯಲ್ಲಿ ಹೆಸರಿರಬೇಕು ಎಂಬುದನ್ನು ನರ್ಸ್ ಮೇಡಂ ಹೇಳಬೇಕು.

ತರೀಕೆರೆ ನರ್ಸ್:

ಹೆಸರಿಲ್ಲದಿದ್ದರೂ ಕರೆದುಕೊಂಡು ಬನ್ನಿ, ಆಹಾರವನ್ನೂ ಲಸಿಕೆಯನ್ನೂ ವಲಸೆ ಬಂದ ಮಕ್ಕಳಿಗೆ ನಿರಾಕರಿಸುವಂತಿಲ್ಲ. ತೊಂದರೆ ಏನೆಂದರೆ ಕೊಯ್ಲು ಮುಗಿದು ಅವರು ಹೊರಟಾಗ ಲಸಿಕೆಯ ದಾಖಲೆಯಿರುವ ತಾಯಿ ಕಾರ್ಡ್ ಇಲ್ಲೇ ಉಳಿಯುತ್ತದೆ, ಮುಂದಿನ ಡೋಸ್ ತಪ್ಪುತ್ತದೆ. ತೋಟದವರು ಆ ಕಾರ್ಡನ್ನು ಕೂಲಿ ಚುಕ್ತಾ ಮಾಡುವಾಗ ಕೈಗೆ ಕೊಟ್ಟು ಕಳುಹಿಸಿದರೆ ಅರ್ಧ ಕೆಲಸ ಆಗುತ್ತದೆ.

ಬಣಕಲ್ ಬೆಳೆಗಾರ:

ಮುಂದಿನ ಸಭೆಯಲ್ಲಿ ಮಾತನಾಡಲು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಮಕ್ಕಳ ಎತ್ತರದ ಶೇ. 35 ಮತ್ತು 20, ಸಾಕ್ಷರತೆಯ 88 ಮತ್ತು 52, ಹಳ್ಳಿಯ ತಲಾ ಖರ್ಚಿನ 4,397, ಇವಿಷ್ಟನ್ನು ಹೇಳುತ್ತೇನೆ. ಕೂಲಿಯ ಬಗ್ಗೆ ಆಲ್ದೂರಿನವರು ಬರೆದದ್ದನ್ನೂ ಅವರ ಒಪ್ಪಿಗೆಯಿದ್ದರೆ ಓದುತ್ತೇನೆ. ಅದಕ್ಕೆ ಮೊದಲು ಒಂದು ಸಹಾಯ ಬೇಕು. ನಿಮ್ಮ ನಿಮ್ಮ ತೋಟದ ಒಂದೊಂದು ಲೈನ್ ಮನೆಯ ಒಂದು ತಿಂಗಳ ಖರ್ಚು, ಅಂದರೆ ಅಕ್ಕಿ, ಎಣ್ಣೆ, ಬೇಳೆ, ಔಷಧಿ, ಶಾಲೆ, ಸಾಲದ ಕಂತು, ಇವನ್ನು ಆ ಮನೆಯವರನ್ನೇ ಕೇಳಿ, ಅವರ ಹೆಸರು ಹಾಕದೆ ಇಲ್ಲಿ ಬರೆಯಬೇಕು. ಅದು ಸಮೀಕ್ಷೆ ಆಗುವುದಿಲ್ಲ ಎಂದು ಗೊತ್ತಿದೆ. ಆದರೆ ಬೆಳೆಗಾರರ ಎದುರು ಡಾಲರಿನ ಲೆಕ್ಕಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಆಲ್ದೂರು ತೋಟ:

ಓದಿ, ನನ್ನ ಅಡ್ಡಿಯಿಲ್ಲ. ಭಾನುವಾರ ಎರಡು ಮನೆಯ ಲೆಕ್ಕ ಕೇಳಿ ಹಾಕುತ್ತೇನೆ.

ಕಡೂರು ಬಯಲು:

ನಮ್ಮ ಕಡೆ ಲೈನ್ ಮನೆ ಇಲ್ಲ, ತೆಂಗು ಒಣಗಿದ ಮೇಲೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರ ಮನೆಗಳಿವೆ. ಅವರ ಮನೆಯ ಲೆಕ್ಕವನ್ನೂ ಸೇರಿಸಿಕೊಳ್ಳುವುದಾದರೆ ನಾನೂ ಬರೆಯುತ್ತೇನೆ.

ಗೊರೂರಿನವಳು:

ನನ್ನ ಮನೆಯದ್ದನ್ನು ಈಗಲೇ ಬರೆಯಬಲ್ಲೆ. ಸಂಬಳ ಬರುತ್ತಿದ್ದಾಗಿನ ಒಂದು ತಿಂಗಳು, ಬಿಟ್ಟ ಮೇಲಿನ ಒಂದು ತಿಂಗಳು, ಎರಡನ್ನೂ ಅಕ್ಕಪಕ್ಕ ಇಡುತ್ತೇನೆ.